ಗಡಿಕಲ್ಲಿನಡಿಯ ಇದ್ದಿಲು

ಬೇಲಿಯಾಚೆಯ ಗೋಪಿನಾಥನಿಗೆ,

ನಿನ್ನ ಮನೆ ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ, ಕೂಗಿದರೆ ಕೇಳಿಸುತ್ತದೆ. ಆದರೂ ಕಾಗದ ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ನೀನು ನಗುತ್ತೀಯ, ಆ ನಗು ನೋಡಿದರೆ ನನ್ನ ಸಿಟ್ಟು ಇಳಿದುಬಿಡುತ್ತದೆ. ಇಳಿಯುವುದು ನನಗೆ ಬೇಡ.

ಈ ಪರದೇಶಕ್ಕೆ ಬಂದಾಗ ಹಿಡಿದಿದ್ದ ಶ್ಯಾಂಟಿಲಿ ಪಟ್ಟಣದ ಅಪಾರ್ಟ್‌ಮೆಂಟ್ ಬಿಟ್ಟು ಈ ಹಳ್ಳಿಗಾಡಿನ ಕೌಂಟಿಗೆ ನಾವಿಬ್ಬರೂ ಒಟ್ಟಿಗೇ ಬಂದೆವು. ಅಕ್ಕಪಕ್ಕದ ಜಮೀನು, ನಡುವೆ ಒಂದು ಹಳೆಯ ಗಡಿಕಲ್ಲು. ಅದರ ಈಚೆ, ನಮ್ಮ ನೆಲದಲ್ಲಿ, ನನ್ನ ಹೆಂಡತಿ ರೇಣುಕಾದೇವಿ ಹಿಪ್ಪುನೇರಳೆ ಸಸಿ ನೆಟ್ಟಳು. ರೇಷ್ಮೆ ಸಾಕಿದ ಮನೆಯ ಮಗಳು; ಆ ಸೊಪ್ಪಿನ ವಾಸನೆ ಇಲ್ಲದೆ ನಿದ್ದೆ ಬರದು ಎನ್ನುತ್ತಿದ್ದಳು. ಮೊದಲ ಹಣ್ಣು ತಿಂದು ನಿನ್ನ ನಾಲಿಗೆ ನೀಲಿಯಾದಾಗ, "ಗೋಪಿಯಣ್ಣ, ಕದ್ದು ತಿಂದ್ರ ನಾಲಿಗಿನೇ ಹೇಳ್ತೈತಿ ನೋಡ್ರಿ" ಎಂದು ನಕ್ಕವಳು ಅವಳೇ.

ಅವಳು ಹೋದ ಮೇಲೆ, ವರ್ಷದ ಕಾರ್ಯಕ್ಕೆಂದು ನಾನು ಊರಿಗೆ ಹೊರಟೆ. ಮರ ನೋಡಿಕೋ ಎಂದು ನಿನಗೇ ಹೇಳಿ ಹೋದೆ. ಹಿಂತಿರುಗಿದಾಗ ಮರವಿರಲಿಲ್ಲ. ಆ ಜಾಗದಲ್ಲಿ ಜಲ್ಲಿ ಹಾಸಿ ನಿನ್ನ ಕಾರಿಗೆ ದಾರಿ ಮಾಡಿದ್ದೆ. ಗಡಿಕಲ್ಲು ನನ್ನ ಮನೆಯತ್ತ ಸರಿದು ಬಂದು, ಅಲ್ಲೇ ಹುಟ್ಟಿದಂತೆ ಕೂತಿತ್ತು. ನಮ್ಮ ಜಮೀನಿನ ಹಳೆಯ ಪತ್ರಗಳಲ್ಲಿ 'ಕಲ್ಲಿನವರೆಗೆ' ಎಂದಷ್ಟೇ ಇರುವುದು ನಿನಗೂ ಗೊತ್ತಿತ್ತು.

"ಕಲ್ಲು ಮೊದ್ಲಿಂದ ಅಲ್ಲೇ ಇತ್ತಲ್ಲ ಗುರು! ನಿಂಗೆ ತುಂಬಾ ಸ್ಟ್ರೆಸ್ ಆಗಿದೆ, ರೆಸ್ಟ್ ಮಾಡು" ಅಂದೆ ನೀನು. ಹೆಂಡತಿಯ ಜೊತೆ ಈರಣ್ಣನ ಬುದ್ಧಿಯೂ ಹೋಯಿತು ಎಂದು ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಪ್ರಸಾದ ತಿನ್ನುತ್ತಾ ಹೇಳಿದೆಯಂತೆ. ಕೊಡಲಿಗಿಂತ ಆ ಮಾತು ಆಳಕ್ಕೆ ಇಳಿಯಿತು.

ನಾನು ಜಗಳವಾಡಲಿಲ್ಲ. ಗಡಿ ನಡಿಗೆಗೆ ಕಾದೆ. ಈ ಕೌಂಟಿ ಕಟ್ಟಿದವರು ಇಂಗ್ಲೆಂಡಿನ ಒಂದು ಹಳ್ಳಿಗಾಡಿನ ಕೌಂಟಿಯಿಂದ ಬಂದವರು. ಊರ ಹೆಸರಿನ ಜೊತೆ ಊರ ಕಟ್ಟಳೆಗಳನ್ನೂ ಹೊತ್ತು ತಂದವರು. ವಸಂತದಲ್ಲಿ ಕೌಂಟಿ ಮಂಡಳಿಯವರು ಊರವರೊಡನೆ ಗಡಿ ಸುತ್ತುತ್ತಾರೆ. ಒಂದೊಂದು ಕಲ್ಲಿಗೂ ಕೋಲಿನಿಂದ ಬಡಿದು, ತಕರಾರು ಇದೆಯೇ ಎಂದು ಕೇಳುತ್ತಾರೆ. ಯಾರೂ ಬಾಯಿ ಬಿಡದಿದ್ದರೆ ಅದೇ ಗಡಿ. ನೀನು ಅದನ್ನು ಪಿಕ್‌ನಿಕ್ ಎಂದುಕೊಂಡು ಎಲ್ಲರಿಗೂ ಚಿತ್ರಾನ್ನ ಹಂಚಿದೆ.

ಮಂಡಳಿಯ ಅಧ್ಯಕ್ಷೆ, ಮುದುಕಿ ಮಾರ್ಥಾ, ನಮ್ಮ ಕಲ್ಲಿಗೆ ಬಡಿದು ಕೇಳಿದಾಗ ನಾನು ಹೇಳಿದ್ದು ಇಷ್ಟೇ: ಇದರ ಬುಡ ಅಗೆಯಿರಿ. ಅವಳ ಕಣ್ಣು ಮಿನುಗಿತು. ಕಲ್ಲು ನೆಡುವಾಗ ಕೆಳಗೆ ಇದ್ದಿಲು ಸುರಿಯಬೇಕು, ಮಣ್ಣು ಅದನ್ನು ತಿನ್ನುವುದಿಲ್ಲ, ಕಲ್ಲು ಕದ್ದವನಿಗೆ ಅದರ ನೆನಪಾಗುವುದಿಲ್ಲ ಎಂದು ನನ್ನಜ್ಜಿ ಹೇಳುತ್ತಿದ್ದಳು. ಮಾರ್ಥಾಳ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳಂತೆ. ಕಡಲಿನ ಆಚೆ ಈಚೆಯ ಇಬ್ಬರು ಸತ್ತ ಮುದುಕಿಯರು ಸೇರಿ ನಿನ್ನನ್ನು ಹಿಡಿದರು, ಗೋಪಿ. ಕಲ್ಲಿನಡಿ ಬರೀ ಕೆಂಪು ಮಣ್ಣು. ನಿನ್ನ ಜಲ್ಲಿಯಡಿ, ಹಿಪ್ಪುನೇರಳೆಯ ಬುಡದಾಚೆ, ಇದ್ದಿಲು ನಿನ್ನೆ ಆರಿದ ಒಲೆಯದ್ದರಂತೆ ಕಪ್ಪಗಿತ್ತು.

ಕಲ್ಲು ಸರಿಸಿದವನನ್ನು ಕೈಕಾಲು ಹಿಡಿದೆತ್ತಿ, ಅದೇ ಕಲ್ಲಿಗೆ ಅಂಡು ಕುಟ್ಟಿಸುವುದು ಇಲ್ಲಿನ ಕಟ್ಟಳೆ. ಬೇಕೋ ಬಿಡಲೋ ಎಂದು ಮಾರ್ಥಾ ನನ್ನನ್ನು ಕೇಳಿದಳು. "ಈರಣ್ಣ, ಪ್ಲೀಸ್ ಕಣೋ, ಎಲ್ರೂ ವಿಡಿಯೋ ಮಾಡ್ತಿದ್ದಾರೆ" ಅಂದೆ ನೀನು. ನಾನು ಬೇಕು ಅಂದೆ. ನಿನ್ನ ಎಡಗಾಲು ಹಿಡಿದವನೂ ನಾನೇ.

ಈಗ ಕ್ಷಮಿಸು ಎಂದು ಮೆಸೇಜ್ ಕಳಿಸುತ್ತೀಯ. ಕ್ಷಮಿಸುವುದಿಲ್ಲ. ಕಲ್ಲು ತನ್ನ ಜಾಗಕ್ಕೆ ಹೋಗಿದೆ. ಜಲ್ಲಿ ತೆಗೆದ ಮೇಲೆ ಕಡಿದ ಬುಡ ಚಿಗುರಿದೆ. ನಿನ್ನ ಕಡೆ ಬಾಗಿದ ಕೊಂಬೆಗಳನ್ನಷ್ಟೇ ಉಳಿಸಿ, ಮಿಕ್ಕವನ್ನು ಸವರುತ್ತಿದ್ದೇನೆ. ನಿನ್ನ ಬಿಳಿ ಕಾರು ನಿಲ್ಲಿಸಲು ಇನ್ನು ಉಳಿದಿರುವುದು ಆ ಕೊಂಬೆಗಳಡಿಯ ಮೂಲೆಯೊಂದೇ. ಹಣ್ಣು ಉದುರುತ್ತದೆ. ಹಕ್ಕಿಗಳೂ ತಿನ್ನುತ್ತವೆ, ತಿಂದದ್ದನ್ನು ಎಲ್ಲಿ ಬಿಡುತ್ತವೆ ಎಂದು ನಾನು ಹೇಳಬೇಕಿಲ್ಲ.

ನೂರು ವರ್ಷ ಬಾಳು, ಗೋಪಿ. ಬೇಸಿಗೆ ಬೇಸಿಗೆಯೂ ಕಾರು ತೊಳೆಯುತ್ತಾ ಬಾಳು. ಉಜ್ಜಿದರೂ ಕಲೆ ಹೋಗದಾಗ ಅವಳ ನಗು ನಿನ್ನ ಕಿವಿಗೆ ಬೀಳಲಿ.

ರೇಣುಕಾದೇವಿಯ ಗಂಡ,
ಈರಣ್ಣ