ಹವಳ ಕೊಡುವುದಿಲ್ಲ

ಬುಧವಾರ

ಮಾಜಿ ಯಜಮಾನರಿಗೆ, ಹಾಲಿ ಅಕ್ವೇರಿಯಂ ಸಂಘದ ಅಧ್ಯಕ್ಷರಿಗೆ,

ನಾನು ಕ್ಷೇಮ. ನೀವೂ ಕ್ಷೇಮವಾಗಿರಿ, ಭಾನುವಾರದವರೆಗಾದರೂ.

ಮನೆ ಬಿಟ್ಟು ಎಂಟು ತಿಂಗಳಾದ ಮೇಲೆ ನಿಮಗೆ ನೆನಪಾದದ್ದು ನಾನಲ್ಲ, ನಡುಮನೆಯ ಗಾಜಿನ ತೊಟ್ಟಿಯ ಕಿತ್ತಳೆ ಹವಳ. ಸಂಘದ ಪ್ರದರ್ಶನಕ್ಕೆ ಬೇಕು, ಬಂದು ಒಯ್ಯುತ್ತೇನೆ ಎಂದು ಬರೆದಿದ್ದೀರಿ. ಕೊಡುವುದಿಲ್ಲ.

ನೀವಿದ್ದಾಗ ಅದರ ನೆತ್ತಿಗೆ ನಾಲ್ಕು ದೀಪ ಕಟ್ಟಿದಿರಿ. ಅದು ಮುದುಡಿಕೊಂಡೇ ಇತ್ತು. ಏನಾದರೂ ತಿನ್ನಲು ಹಾಕೋಣವೇ ಎಂದು ಕೇಳಿದ್ದಕ್ಕೆ, "ಹವಳಕ್ಕೆ ಬೆಳಕೇ ಊಟ, ನಿನ್ನ ಅಡುಗೆಮನೆ ಬುದ್ಧಿ ಇಲ್ಲಿ ತರಬೇಡ" ಎಂದು ಸಂಘದವರ ಮುಂದೆ ನಕ್ಕಿರಿ. ಅವರೂ ನಕ್ಕರು. ನಾನು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ನೀವು ಹೋದ ಮೇಲೆ ಅಕ್ವೇರಿಯಂ ಅಂಗಡಿಯವನಿಗೆ ಫೋಟೋ ತೋರಿಸಿದೆ. "ಅಯ್ಯೋ ಅಕ್ಕಾ, ಬೇರೆ ಹವಳದ ಮೈಯೊಳಗೆ ಪಾಚಿ ಕೂತು ಬೆಳಕಲ್ಲಿ ಅಡುಗೆ ಮಾಡಿ ಹಾಕುತ್ತೆ. ಇದಕ್ಕೆ ಆ ಪಾಚಿ ಇಲ್ಲ. ಪಾಚಿ ಇದ್ರೆ ಮೈ ಕಂದು ತಿರುಗುತ್ತೆ; ಒಂಚೂರೂ ಕಂದು ಇಲ್ಲದ ಈ ಬಣ್ಣ ನೋಡಿದ್ರೇ ಗೊತ್ತಾಗಲ್ವಾ? ಇದರ ಮೈತುಂಬಾ ಹೂವಿನಂಥ ಪುಟ್ಟ ಪುಟ್ಟ ಬಾಯಿ, ಒಂದೊಂದು ಬಾಯಿಗೂ ನೀವೇ ತಿನ್ನಿಸಬೇಕು" ಎಂದ. ಅಧ್ಯಕ್ಷರ ತೊಟ್ಟಿ ಎಂದೆ. ಕೆಮ್ಮಿದ.

ಈಗ ದಿನಾ ಸಂಜೆ ಐದಕ್ಕೆ ನೀರಿಗೆ ಎರಡು ಹನಿ ಸೀಗಡಿ ರಸ ಬಿಡುತ್ತೇನೆ. ಆ ವಾಸನೆಗೆ ಅರವತ್ತಮೂರು ಬಾಯಿ ತೆರೆಯುತ್ತವೆ. ನಿಮ್ಮ ಮುದ್ದು ಮೀನುಗಳು ಕಸಿಯದಂತೆ ತಳ ಕತ್ತರಿಸಿದ ಬಾಟಲಿಯನ್ನು ಹವಳದ ಮೇಲೆ ಮುಚ್ಚಿ, ಡ್ರಾಪರಿನಲ್ಲಿ ಒಂದೊಂದಕ್ಕೂ ತುತ್ತು. ಅಷ್ಟು ಬಾಯಿದ್ದರೂ ಒಂದೂ ಎದುರಾಡಿಲ್ಲ. ಸಂಸಾರವೆಂದರೆ ಹೀಗಿರಬೇಕು!

ಸಾಗಿಸಿದರೆ ಅದು ಬಾಯಿ ತೆರೆಯದು ಎಂದು ನಿಮ್ಮ ಕಾರ್ಯದರ್ಶಿಗೆ ಹೇಳಿದೆ. ಹಾಗಾಗಿ ಭಾನುವಾರ ಐದಕ್ಕೆ ಇಡೀ ಸಂಘ ಇಲ್ಲಿಗೇ ಬರುತ್ತಿದೆ. ಅಂದು ನಕ್ಕವರಿಗೆ ಮುಂದಿನ ಸಾಲು. ನನ್ನ ಭಾಷಣದ ವಿಷಯ, 'ಬೆಳಕಿನಲ್ಲಿ ಹಸಿದ ಹವಳ: ಒಬ್ಬ ತಜ್ಞರ ತಪ್ಪುಗಳು'. ಭಾಷಣಕಾರರನ್ನು ಪರಿಚಯಿಸುವುದು ಅಧ್ಯಕ್ಷರ ಕರ್ತವ್ಯವಂತೆ. ಎರಡು ಒಳ್ಳೆಯ ಮಾತು ಈಗಲೇ ಬರೆದಿಟ್ಟುಕೊಳ್ಳಿ; ನಿಮಗೆ ರೂಢಿ ತಪ್ಪಿದೆ.

ಇಂತಿ,
ಈಗ ನಿಮ್ಮವಳಲ್ಲದವಳು

ತಾ.ಕ.: ಅಂಗಡಿಯವನು ಹೇಳಿದ ಮೇಲೂ ಹನ್ನೊಂದು ದಿನ ನಾನು ಏನೂ ಹಾಕಲಿಲ್ಲ. ನಿಮ್ಮದಲ್ಲವೇ, ಸಾಯಲಿ ಎಂದು ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಂಬತ್ತು ಬಾಯಿ ಸತ್ತವು. ಅಲ್ಲೀಗ ಬರೀ ಬಿಳಿ ಎಲುಬು. ಭಾನುವಾರ ಯಾರಾದರೂ ಕೇಳಿದರೆ ಅವನ್ನೂ ನಿಮ್ಮ ತಲೆಗೇ ಕಟ್ಟುತ್ತೇನೆ. ನಿಜ ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಾವಿಬ್ಬರೂ ಒಂದು ಗುಟ್ಟು ಹಂಚಿಕೊಂಡು ಎಷ್ಟು ವರ್ಷವಾಗಿತ್ತು!