ಅತ್ತೆಯ ಡ್ಯೂಟಿ

ನವೆಂಬರ್ ೧೪, ಶುಕ್ರವಾರ. ಫಹಾಹೀಲ್.

ಮಾವ ಇವತ್ತೂ ನನ್ನ ಕೈಯಿಂದ ಬಿಪಿ ಮಾತ್ರೆ ತೆಗೆದುಕೊಳ್ಳಲಿಲ್ಲ. ಇಲ್ಲಿ ನಾನು ನರ್ಸಾಗಿರುವ ಆಸ್ಪತ್ರೆಯಲ್ಲಿ ಅರಬಿಯಲ್ಲಿ 'ಯಲ್ಲಾ', ಬೇಗ ಬೇಗ, ಅಂದರೆ ಮುದುಕರೆಲ್ಲ ನುಂಗುತ್ತಾರೆ. ಮನೆಯಲ್ಲಿ ಇವರೊಬ್ಬರು ಬಾಯಿ ಬಿಡುವುದಿಲ್ಲ. ಮರೆವು ಹೆಚ್ಚಾಗಿದೆ.

ಕೊನೆಗೆ ಅತ್ತೆ ಬಂದರು. ಮಾವ ಅವರನ್ನೇ ದಿಟ್ಟಿಸಿ, "ಸಿಸ್ಟರ್, ಇದು ಮದ್ದಾ, ಬರೀ ಸಕ್ಕರೆಯಾ?" ಎಂದರು.

ಎಂಬತ್ತರ ದಶಕದಲ್ಲಿ ಮಂಗಳೂರಿನಲ್ಲಿ ಹೊಸ ಬಿಪಿ ಮದ್ದಿನ ಪ್ರಯೋಗ ನಡೆದಾಗ ಮಾವ ರೋಗಿ, ಅತ್ತೆ ನರ್ಸ್; ಮದುವೆಗೆ ಮೊದಲು ಇಬ್ಬರ ಪರಿಚಯವಾದದ್ದೇ ಅಲ್ಲಿ. ಯಾರಿಗೆ ನಿಜವಾದ ಮದ್ದು, ಯಾರಿಗೆ ಹೋಲಿಕೆಗೆಂದು ಬರೀ ಸಕ್ಕರೆಯ ಮಾತ್ರೆ ಎಂದು ಕೊಡುವವರಿಗೂ ತಿಳಿಯಬಾರದೆಂಬ ನಿಯಮವಿತ್ತಂತೆ.

ಹೆಂಡತಿಯ ಗುರುತೇ ಹತ್ತಲಿಲ್ಲವಲ್ಲ, ಅತ್ತೆ ಅಳುತ್ತಾರೆ ಅಂದುಕೊಂಡೆ. ಅವರು ಹಳೆಯ ನರ್ಸಿನ ದನಿಯಲ್ಲಿ, "ನನಗೂ ಗೊತ್ತಿಲ್ಲ ಮಾರಾಯ್ರೆ, ನುಂಗಿ" ಎಂದರು.

ಮಾವ ನುಂಗಿದರು. ಆಮೇಲೆ ನಾಚುತ್ತಾ, "ನಾಳೆಯೂ ನಿಮ್ಮದೇ ಡ್ಯೂಟಿಯಾ?" ಎಂದು ಕೇಳಿದರು.

ಅತ್ತೆಯ ಮುಖ ಕೆಂಪಾಯಿತು. ನಾನು ನೋಡದವಳ ಹಾಗೆ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದೆ.