ಹಾಲು ಬಿಡಿಸಿದ ಮೇಲೆ

ಮನೆಯಿಂದ,
ಜೂನ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೇಳಿದರೆ ‘ನಂಗೇನಾಗಿದೆ, ಗುಂಡುಕಲ್ಲು’ ಎನ್ನುತ್ತೀಯ. ಈ ಸಲ ಆ ಉತ್ತರ ನಡೆಯುವುದಿಲ್ಲ. ಯಾಕೆಂದು ನಿನಗೂ ಗೊತ್ತು. ಫೋನಿನಲ್ಲಾದರೆ ಮಾತು ಹಾರಿಸುತ್ತೀಯ, ಅದಕ್ಕೇ ಕಾಗದ. ಭಾವನ ಮಂಡಿನೋವು ಇಳಿಯಿತೇ?

ನನ್ನ ಎದೆಯ ಗಂಟು ಕೆಟ್ಟದ್ದಲ್ಲ, ಅಕ್ಕಾ. ಒಳಗೆ ಉಳಿದುಹೋದ ಹಾಲು, ಅಷ್ಟೆ. ಡಾಕ್ಟರಮ್ಮ ಸೂಜಿ ಹಾಕಿ ಎಳೆದರೆ ಗಂಟೇ ಮಾಯ. ಸಿರಿಂಜಿನಲ್ಲಿ ಬೆಳ್ಳಗೆ ಕಂಡಾಗ ನಕ್ಕೆನೋ ಅತ್ತೆನೋ ತಿಳಿಯದು. ನಿನ್ನೆ ವರದಿಯೂ ಬಂತು, ಏನೂ ತೊಂದರೆಯಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮ್ಮವರು ಗಾಬರಿಯಲ್ಲಿ ಮಗುವಿನ ಬಾಟಲಿಯ ನೀರನ್ನೆಲ್ಲ ತಾವೇ ಕುಡಿದು ಮುಗಿಸಿದ್ದರು.

ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಕೆಲಸಕ್ಕೆ ಮರಳಲೆಂದು ಒಂದೇ ಸಲಕ್ಕೆ ಹಾಲು ಬಿಡಿಸಿದೆನಲ್ಲ, ಒಳಗಿನದೆಲ್ಲ ನನ್ನಿಂದಲೇ ಸತ್ತು ಕೊಳೆತು ಗಂಟಾಯಿತೇನೋ ಎಂದು. ಡಾಕ್ಟರಮ್ಮನನ್ನು ಕೇಳಿಯೂಬಿಟ್ಟೆ. ನಾನು ಕಟ್ಟಡಗಳ ನಕ್ಷೆ ಬಿಡಿಸುವವಳೆಂದು ಅವರಿಗೆ ಗೊತ್ತಿತ್ತು. ‘ಮನೆ ಕಟ್ಟಿ ಮುಗಿದ್ಮೇಲೆ ಗೋಡೆ ಸುತ್ತ ಕಟ್ಟಿದ್ದ ಸಾರುವೆ ಬಿಚ್ತಾರೋ ಇಲ್ವೋ? ಬಿಚ್ಚದಿದ್ರೆ ನೀವೇ ಬೈಯಲ್ವಾ?’ ಎಂದರು. ಮಗು ಕುಡಿಯುವುದು ನಿಂತ ಮೇಲೆ ಹಾಲು ಮಾಡುವ ಜೀವಕೋಶಗಳು ಬಹುಪಾಲು ತಾವಾಗಿಯೇ ಸಾಯುತ್ತವಂತೆ. ಹೇಗೆ ಸಾಯಬೇಕೆಂಬುದೂ ಅವುಗಳ ಒಳಗೇ ಇರುತ್ತದಂತೆ. ಪೆಟ್ಟು ಬಿದ್ದು ಸಾಯುವ ಕೋಶ ಒಡೆದು ಸುತ್ತಲೂ ಉರಿ ಹಬ್ಬಿಸುತ್ತದೆ; ಇವು ಹಾಗಲ್ಲ. ಕುಗ್ಗಿ, ತಮ್ಮನ್ನು ತಾವೇ ಸಣ್ಣ ಸಣ್ಣ ಪೊಟ್ಟಣ ಕಟ್ಟಿಕೊಳ್ಳುತ್ತವೆ. ಪಕ್ಕದವು ನುಂಗಿ ಜಾಗ ಗುಡಿಸುತ್ತವೆ. ಹೊಟ್ಟೆಯೊಳಗಿನ ಮಗುವಿನ ಬೆರಳುಗಳು ಬಿಡಿಯಾಗುವುದೂ ನಡುವಿನ ಕೋಶಗಳು ಹೀಗೆ ಹೋಗುವುದರಿಂದಲೇ. ಹೋಗಬೇಕಾದವು ಹೋಗದೆ ಬೆಳೆಯುತ್ತಲೇ ಕೂತರೆ, ಅದು ನಾವು ಹೆದರುವ ರೋಗ. ‘ನೀವು ಕೊಂದಿಲ್ಲಮ್ಮ, ಅವು ಕೆಲಸ ಮುಗಿಸಿ ಹೋದ್ವು’ ಎಂದರು. ಶಾಲೆಯಲ್ಲಿ ಇದರ ಇಂಗ್ಲಿಷ್ ಹೆಸರನ್ನು ಉರುಹೊಡೆದು ಅಂಕ ತೆಗೆದವಳು ನಾನು. ನನ್ನ ಮೈಯಲ್ಲೇ ನಡೆಯುವ ಸಂಗತಿಯೆಂದು ಹೊಳೆದೇ ಇರಲಿಲ್ಲ. ನಿನ್ನೆ ರಾತ್ರಿ ನಿದ್ದೆ ಬಂತು, ಅಕ್ಕಾ.

ಭಾವನಿಗೆ ನಮಸ್ಕಾರ. ಮಗು ನಿನ್ನ ಫೋಟೋಗೆ ಎಂಜಲು ಹಚ್ಚುವಷ್ಟು ಪ್ರೀತಿ ತೋರಿಸುತ್ತಿದೆ.

ನಿನ್ನ
ತಂಗಿ

ತಾ.ಕ.: ಮರೆತಿದ್ದೆ ಎನ್ನಲಾರೆ, ಧೈರ್ಯ ಬರಲಿಲ್ಲ. ಹೋದ ತಿಂಗಳು ನನ್ನ ಗಂಟು ಮುಟ್ಟಿ ನೋಡಿ ‘ಇಂಥದ್ದು ನಂಗೂ ಇದೆ ಕಣೇ, ಹೋಗತ್ತೆ ಬಿಡು’ ಅಂದೆ. ನಿನ್ನ ಕಿರಿಯವನು ಕಾಲೇಜು ಮುಗಿಸಿದ್ದಾನೆ. ನಿನ್ನದು ಹಾಲಿನ ಗಂಟಲ್ಲ. ಏನೂ ಅಲ್ಲದೆಯೂ ಇರಬಹುದು, ಆದರೆ ಅದನ್ನು ಸೂಜಿ ಹೇಳಲಿ. ಮುಂದಿನ ಶುಕ್ರವಾರಕ್ಕೆ ಇದೇ ಡಾಕ್ಟರಮ್ಮನ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ, ಭಾವನಿಗೂ ಹೇಳಿಯಾಯಿತು. ಬೈಯುವುದಿದ್ದರೆ ಬಂದು ಬೈ.